ನನ್ನ ಸರದಿಯ ಹಾಸು

ಮಾರ್ಚ್ 3, ಸೋಮವಾರ

ಗೋಡೆಯಲ್ಲಿ ಉಳಿದಿದ್ದ ಕೊನೆಯ ಶೆಲ್ಫನ್ನೂ ಇವತ್ತು ಬಿಚ್ಚಿದೆ. ಅಲ್ವಾರ್‌ನನ್ನು ಎದೆಗೆ ಕಟ್ಟಿಕೊಂಡೇ ಬಿಚ್ಚಿದ್ದರಿಂದ ಬೆಳಗೆಲ್ಲ ಅದಕ್ಕೇ ಹೋಯಿತು. ಅವನ ತೊಟ್ಟಿಲು ಇರುವುದು ಕೋಣೆಯ ಆ ಕಡೆ. ಶೆಲ್ಫ್ ಬಿದ್ದರೂ ಅಲ್ಲಿಗೆ ತಲುಪುವುದಿಲ್ಲ. ಅದು ನನಗೆ ಗೊತ್ತು. ಗೊತ್ತಿದ್ದರಿಂದ ಏನೂ ಆಗುವುದಿಲ್ಲ. ಶೆಲ್ಫ್ ಈಗ ನೆಲಮಾಳಿಗೆಯಲ್ಲಿದೆ, ತೂಗುದೀಪ, ಗಡಿಯಾರ, ಪರದೆ, ಕನ್ನಡಿ, ಪುಸ್ತಕಗಳ ಜೊತೆ. ಮೇಲೆ ಮಂಚ, ತೊಟ್ಟಿಲು, ಒಂದು ಮೇಜು, ಒಂದು ಬೆಂಚು ಉಳಿದಿವೆ. ಮೇಜಿನ ಮೂಲೆಗಳ ಬಗ್ಗೆ ಯೋಚಿಸಬೇಕು.

ಊಟದ ಹೊತ್ತಿಗೆ ಬಾರ್ಬ್ರೋ ಫೋನ್ ಮಾಡಿದಳು. ಊರಿನ ನೇಯ್ಗೆಮನೆಯ ಕೀಲಿ ಇರುವುದು ಅವಳ ಹತ್ತಿರ. ಎಪ್ಪತ್ತು ದಾಟಿದೆ, ದನಿ ಮಾತ್ರ ಮರ ಕೊಯ್ಯುವ ಗರಗಸದ್ದು.

"ಮೈಲಿಸ್‌ದು ಮುಗೀತು. ಇನ್ನು ನಿನ್ನ ಸರದಿ. ಅವಸರ ಏನಿಲ್ಲ."

"ಆಯ್ತು," ಅಂದೆ.

"ನಿಜವಾಗ್ಲೂ ಅವಸರ ಇಲ್ಲ."

ಹೋದ ಶರತ್ಕಾಲದಲ್ಲಿ ಏಳು ಜನ ಸೇರಿ ಮಗ್ಗಕ್ಕೆ ಒಂದೇ ಉದ್ದನೆಯ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ನೂಲು, ಹೂಡಿದೆವು. ಅದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಜಮಖಾನ, ಹಳೆ ಬಟ್ಟೆ ಹರಿದ ಚಿಂದಿಯದು. ನೇಯ್ದದ್ದೆಲ್ಲ ಮಗ್ಗದ ಮರದ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಕೊನೆಯವಳು ಮುಗಿಸುವ ತನಕ ಯಾರದೂ ಹೊರಗೆ ಬರುವುದಿಲ್ಲ. ಒಬ್ಬಳ ಪಾಲನ್ನು ಇನ್ನೊಬ್ಬಳು ನೇಯುವುದೂ ಇಲ್ಲ. ಕೊನೆಯ ಸರದಿ ನಾನೇ ಕೇಳಿ ತೆಗೆದುಕೊಂಡದ್ದು. ಆಗ ಇವನು ಹೊಟ್ಟೆಯಲ್ಲಿದ್ದ. ಮಾರ್ಚ್ ಹೊತ್ತಿಗೆ ಹೊರಗೆ ಬಂದಿರುತ್ತಾನೆ, ನನ್ನ ಕೈ ಖಾಲಿ ಇರುತ್ತದೆ ಅಂದುಕೊಂಡಿದ್ದೆ.

ಮಗ್ಗಕ್ಕೆ ಎರಡು ಕೈಯೂ ಬೇಕು, ಎರಡು ಕಾಲೂ ಬೇಕು. ಅಂದರೆ ಇವನನ್ನು ಕೆಳಗೆ ಇಡಬೇಕು. ಇಲ್ಲ, ಯಾರ ಕೈಗಾದರೂ ಕೊಡಬೇಕು.

ಈ ವಾರ ಆಗಲಿಕ್ಕಿಲ್ಲ.


ಮಾರ್ಚ್ 5, ಬುಧವಾರ

ತೋರ್ಕೆಲ್ ಬಂದ. ಮರದ ದಿಮ್ಮಿಯ ಲಾರಿ ಓಡಿಸುವವನು, ವಾರದಲ್ಲಿ ಅರ್ಧ ಉತ್ತರದ ಕಾಡಿನಲ್ಲೇ ಇರುತ್ತಾನೆ. ಬಾಗಿಲಲ್ಲಿ ಬೂಟು ಬಿಚ್ಚುತ್ತ ಗೋಡೆಯನ್ನು ನೋಡಿದ.

"ಶೆಲ್ಫೂ ಹೋಯ್ತಾ?"

"ಸಡಿಲ ಆಗಿತ್ತು."

"ನಾನೇ ಹಾಕಿದ್ದಲ್ವಾ ಅದು. ಕಾಂಕ್ರೀಟಿಗೆ ಹಾಕಿದ್ದು." ಒಳಗೆ ಬಂದ. ಸೂಪ್ ಬಿಸಿ ಮಾಡಿದ. "ನಿದ್ದೆ ಬಂತಾ ರೂನಾ?"

"ಬಂತು."

"ಸುಳ್ಳಿ. ಕೊಡು ಇಲ್ಲಿ ಅವನನ್ನ. ನೀನು ಸ್ವಲ್ಪ ಮಲಕ್ಕೋ."

"ಈಗ ತಾನೇ ಕಣ್ಣು ಮುಚ್ಚಿದಾನೆ. ಬಿಡು."

"ನಾನೂ ಅವನಪ್ಪನೇ ಕಣೇ. ಲಾರಿ ತುಂಬ ಮರ ಕೊಟ್ರೆ ಬೀಳಿಸದೆ ಸಾವಿರ ಮೈಲಿ ತರ್ತೀನಿ, ಇವನನ್ನ ಒಂದು ಗಂಟೆ ಹಿಡ್ಕೊಳ್ಳಕ್ಕಾಗಲ್ವಾ ನಂಗೆ?"

ತಮಾಷೆಗೆ ಹೇಳಿದ್ದು. ನಗಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಅವನು ಮಲಗಿದ. ನಾನು ಬೆಂಚಿನ ಮೇಲೆ ಕೂತು ಅಲ್ವಾರ್ ಉಸಿರು ಕೇಳಿಸಿಕೊಂಡೆ. ಒಳಗೆ ಹೋಗುವುದು, ಹೊರಗೆ ಬರುವುದು. ನಾನು ಕೇಳುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೆ ಹುಚ್ಚು ಅಂತಾರೆ. ಬರೆದು ನೋಡಿದರೂ ಹುಚ್ಚಿನ ಹಾಗೇ ಕಾಣುತ್ತದೆ.

ನನಗೆ ಅವನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಗೊತ್ತಿಲ್ಲ. ಕಾವಲು ಇದೆ. ಅಷ್ಟು ಸಾಕಾಗಬಹುದು.


ಮಾರ್ಚ್ 8, ಶನಿವಾರ

ಅಂಗಡಿಯಲ್ಲಿ ಹಾಲಿನ ಕಪಾಟಿನ ಹತ್ತಿರ ಬಾರ್ಬ್ರೋ ಮತ್ತು ಮೈಲಿಸ್ ಸಿಕ್ಕರು.

"ಅವಸರ ಏನಿಲ್ಲ ಕಣೇ," ಅಂದಳು ಬಾರ್ಬ್ರೋ.

"ಏನೇನೂ ಇಲ್ಲ," ಅಂದಳು ಮೈಲಿಸ್.

ನಮ್ಮ ಕಡೆ ಒಂದು ಮಾತನ್ನು ಇಷ್ಟು ಸಲ ಹೇಳಿದರೆ ಅದರ ತದ್ವಿರುದ್ಧ ಅರ್ಥ ಮಾಡಿಕೊಳ್ಳಬೇಕು. ಮೈಲಿಸ್ ಏಪ್ರಿಲ್ ಒಂದಕ್ಕೆ ಮನೆ ಬಿಡುತ್ತಿದ್ದಾಳೆ, ಚರ್ಚಿನ ಹಿಂದಿನ ಸಣ್ಣ ಫ್ಲ್ಯಾಟಿಗೆ. ಅವಳ ಜಮಖಾನ ಪೂರ್ತಿ ಗಂಡನ ಫ್ಲಾನೆಲ್ ಅಂಗಿಗಳನ್ನು ಹರಿದು ಮಾಡಿದ್ದು. ಅವನು ಹೋಗಿ ಎರಡು ವರ್ಷ. ಹೊಸ ಮನೆಯ ನೆಲದ ಮೇಲೆ ಮೊದಲು ಅದನ್ನೇ ಹಾಸಬೇಕು ಅಂತ ಇದ್ದಾಳಂತೆ. ಇದನ್ನು ಅವಳು ಹೇಳಲಿಲ್ಲ. ಅವಳು ಮೊಸರಿನ ಡಬ್ಬಿ ತಿರುಗಿಸಿ ತಾರೀಖು ನೋಡುತ್ತಿದ್ದಳು. ಹೇಳಿದ್ದು ಬಾರ್ಬ್ರೋ, ಅವಳು ಆ ಕಡೆ ಹೋದ ಮೇಲೆ.

"ನಾನೇನೂ ಹೇಳ್ಲಿಲ್ಲ ಅಂತ ತಿಳ್ಕೋ," ಅಂತಲೂ ಅಂದಳು.


ಮಾರ್ಚ್ 12, ಬುಧವಾರ

ಅತ್ತೆ ಗುನ್‌ವೋರ್ ತನ್ನ ಹಿತ್ತಲಿನ ಗುಡಿಸಲನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ. ಈ ಸಲ ಬಂದವಳು ಪೋರ್ಚುಗಲ್‌ನ ಇನೆಶ್. ಔಷಧಿ ಅಂಗಡಿ ನಡೆಸಿ ನಿವೃತ್ತಳಾದವಳು, ಈಗ ತನ್ನ ಊರಿನ ಪತ್ರಿಕೆಗೆ ಬರೆಯುತ್ತಾಳಂತೆ. ಸ್ವೀಡನ್ನಿನ ವಿನ್ಯಾಸ, ಹಳ್ಳಿಯ ಕೈಕಸುಬು, ಎಲ್ಲ ನೋಡಬೇಕು. ಸ್ಟಾಕ್‌ಹೋಮಿನ ಅಂಗಡಿಗಳಲ್ಲಿ ಕುರ್ಚಿ ನೋಡಿಕೊಂಡು ಬಂದಿದ್ದಾಳೆ. ಕೈಚೀಲದಲ್ಲಿ ಆಗಲೇ ಪ್ರವಾಸಿಗರು ಕೊಳ್ಳುವ ಒಂದು ಕೆಂಪು ಬಣ್ಣದ ಮರದ ಕುದುರೆ ಇತ್ತು.

"ರೂನಾ ಬೊರೋಸಿನಲ್ಲಿ ಬಟ್ಟೆ ವಿನ್ಯಾಸ ಓದಿದವಳು, ಇಂಗ್ಲಿಷ್ ಬರ್ತದೆ, ಅವಳು ತೋರಿಸ್ತಾಳೆ," ಅಂತ ಅತ್ತೆ ನನ್ನನ್ನು ಕೇಳದೆಯೇ ಒಪ್ಪಿಕೊಂಡಿದ್ದಾಳೆ. ಮನೆಗೇ ಕರೆದುಕೊಂಡು ಬಂದಳು. ತಾನು ಮಾತ್ರ ಬೂಟಿನಲ್ಲಿ ಕೆಸರಿದೆ ಅಂತ ಹೊರಗಿಂದಲೇ ವಾಪಸು ಹೋದಳು.

ಇನೆಶ್ ಕೋಣೆಯ ಮಧ್ಯ ನಿಂತು ಸುತ್ತಲೂ ನೋಡಿದಳು. ಬಿಳಿ ಗೋಡೆ, ಬರಿಯ ಕಿಟಕಿ, ಬರಿಯ ನೆಲ. ಮೇಜಿನ ನಾಲ್ಕು ಮೂಲೆಗೂ ನಾನು ಬಿಳಿ ಉಣ್ಣೆಯ ಬಟ್ಟೆ ಸುತ್ತಿ ಹೊಲಿದಿದ್ದೆ. ಅದನ್ನು ಬೆರಳಿನಿಂದ ಮುಟ್ಟಿದಳು.

"ಇದೇ! ನಾನು ಹುಡುಕ್ತಾ ಇದ್ದದ್ದು ಇದೇ. ಬೇಡದ್ದು ಒಂದೂ ಇಲ್ಲ. ಎಷ್ಟು ಶಾಂತವಾಗಿದೆ! ಫೋಟೋ ತೆಗೀಲಾ?"

"ತೆಗಿ."

"ನೀನೂ ಎಷ್ಟು ಶಾಂತ. ನಮ್ಮ ಕಡೆ ತಾಯಂದಿರು ಹೀಗಲ್ಲ, ಊರೆಲ್ಲ ಕೇಳೋ ಹಾಗೆ ಕಿರುಚ್ತಾರೆ."

ಬೆಂಚಿನ ಮೇಲೆ ಕೂರಿಸಿ, ಅಲ್ವಾರ್ ಎದೆಯ ಮೇಲಿದ್ದ ಹಾಗೆಯೇ, ಕಿಟಕಿಯ ಬೆಳಕಿಗೆ ಮುಖ ಮಾಡಿಸಿ ಒಂದಷ್ಟು ಫೋಟೋ ತೆಗೆದಳು. ತಿದ್ದಿ ಹೇಳಬೇಕು ಅನ್ನಿಸಲಿಲ್ಲ. ಯಾವುದೂ ಅನ್ನಿಸಲಿಲ್ಲ. ಮಗುವಿನ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡ ಅಂತ ಮಾತ್ರ ಹೇಳಿದೆ.


ಮಾರ್ಚ್ 14, ಶುಕ್ರವಾರ

ಇನೆಶ್‌ಳನ್ನು ನೇಯ್ಗೆಮನೆಗೆ ಕರೆದುಕೊಂಡು ಹೋದೆ. ಹಳೆಯ ಶಾಲೆಯ ಕೆಳ ಅಂತಸ್ತು, ಊರಿನ ಮಗ್ಗಗಳೆಲ್ಲ ಅಲ್ಲೇ ಇವೆ. ಬಾರ್ಬ್ರೋ ಹಳೆಯ ಹಾಸಿಗೆ ಹೊದಿಕೆ ಹರಿದು ಪಟ್ಟಿ ಮಾಡುತ್ತ ಕೂತಿದ್ದಳು, ಮೈಲಿಸ್ ಉಂಡೆ ಸುತ್ತುತ್ತಿದ್ದಳು. ನಾನು ಮಧ್ಯೆ ನಿಂತು ಆ ಕಡೆಯದನ್ನು ಈ ಕಡೆಗೆ ಹೇಳಿದೆ.

"ಇದರ ಹಿಂದಿನ ತತ್ವ ಏನು ಅಂತ ಕೇಳ್ತಾಳೆ," ಅಂದೆ.

ಬಾರ್ಬ್ರೋ ಹಲ್ಲಿನಲ್ಲಿ ಬಟ್ಟೆ ಕಚ್ಚಿ ಹರಿದಳು. "ನೆಲ ತಣ್ಣಗಿರ್ತದೆ ಅಂತ ಹೇಳು."

ಇನೆಶ್ ಅದನ್ನು ಬರೆದುಕೊಂಡಳು. "ಮತ್ತೆ ಬಣ್ಣಗಳನ್ನ ಹೇಗೆ ಆರಿಸ್ತೀರಿ?"

"ಯಾವುದು ಹರಿದಿರ್ತದೋ ಅದು. ಇದು ನನ್ನ ತಂಗಿ ಗಂಡನ ಪಾಯಿಜಾಮ. ಅವನು ಇನ್ನೂ ಬದುಕಿದಾನೆ, ಅವನಿಗೆ ಹೇಳ್ಬೇಡಿ ಅಂತ ಹೇಳು."

ಮೂಲೆಯ ಮಗ್ಗದ ಹತ್ತಿರ ಹೋದೆವು. ದಿಂಡು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿದೆ. ಆರು ಜನರದ್ದು ಒಳಗಿದೆ. ಆಮೇಲೆ ಬರಿಯ ಹಾಸು, ಬಿಳಿ ನೂಲು, ನನ್ನದು.

"ಇದು ಯಾಕೆ ನಿಂತಿದೆ?" ಇನೆಶ್ ಕೇಳಿದಳು.

"ಸರದಿ ಬಂದಿಲ್ಲ," ಅಂದೆ. ಅದನ್ನು ಅನುವಾದಿಸು ಅಂತ ಅವರಿಬ್ಬರೂ ಕೇಳಲಿಲ್ಲ.

ಅಷ್ಟರಲ್ಲಿ ಇನೆಶ್ ಕಿಟಕಿಯ ಹೊರಗೆ ನೋಡಿ ಬೆಚ್ಚಿದಳು. ಹೊರಗೆ ಹಿಮದ ಮೇಲೆ ಎರಡು ಮಗುವಿನ ಗಾಡಿ ನಿಂತಿದ್ದವು, ಮೇಲಿನ ಗ್ರಂಥಾಲಯಕ್ಕೆ ಬಂದ ತಾಯಂದಿರವು. "ಯಾರೋ ಮಕ್ಕಳನ್ನ ಹೊರಗೆ ಬಿಟ್ಟು ಹೋಗಿದಾರೆ! ಈ ಚಳೀಲಿ! ಪೊಲೀಸಿಗೆ ಹೇಳಿ!"

"ಏನಂತೆ?" ಬಾರ್ಬ್ರೋ ಕೇಳಿದಳು. ಹೇಳಿದೆ. ನಗು ತಡೆಯಲಾರದೆ ಅವಳಿಗೆ ಕೆಮ್ಮು ಬಂತು. "ಅಯ್ಯೋ ತಾಯಿ, ಮಕ್ಕಳು ಮಲಗೋದೇ ಹೊರಗೆ. ಒಳಗೆ ಮಲಗಿಸಿದ್ರೆ ನೆಗಡಿ ಆಗ್ತದೆ. ನಮ್ಮನ್ನೆಲ್ಲ ಹಾಗೇ ಹೊರಗೆ ಇಟ್ಟು ಬೆಳೆಸಿದ್ದು."

"ಅದಕ್ಕೇ ನೀನು ಇಷ್ಟು ಗಟ್ಟಿ ಒಣಗಿರೋದು," ಅಂದಳು ಮೈಲಿಸ್.

ಇನೆಶ್ ನನ್ನ ಕಡೆ ತಿರುಗಿದಳು. "ನೀನು ಹಾಗೆ ಬಿಡಲ್ಲ ಅಲ್ವಾ? ನೀನು ಬಿಟ್ಟದ್ದನ್ನ ನಾನು ನೋಡೇ ಇಲ್ಲ. ನೀನೇ ಸರಿ."

ಊರಿನಲ್ಲಿ ನನ್ನನ್ನು ಸರಿ ಅಂದವಳು ಇವಳೊಬ್ಬಳೇ. ಸಮಾಧಾನ ಆಗಬೇಕಿತ್ತು. ಮಗುವನ್ನು ಕಟ್ಟಿಕೊಂಡ ಪಟ್ಟಿ ಬೆನ್ನಿಗೆ ಒತ್ತುತ್ತಿತ್ತು, ಅಷ್ಟೇ.


ಮಾರ್ಚ್ 17, ಸೋಮವಾರ

ಅತ್ತೆ ಬಂದಳು. ಶೆಲ್ಫ್ ಇದ್ದ ಜಾಗದ ತೂತುಗಳನ್ನು ನೋಡಿದಳು, ಮೇಜಿನ ಮೂಲೆ ನೋಡಿದಳು.

"ನಂಗೆ ಬೆಂಚಿನ ಮೇಲೆ ಕೂತ್ರೆ ಮಂಡಿ ಹಿಡೀತದೆ. ಕುರ್ಚಿ ಎಲ್ಲಿ?"

"ಕೆಳಗೆ."

ತಾನೇ ಇಳಿದು ಹೋದಳು. ಮೇಲೆ ಬರಲು ತುಂಬ ಹೊತ್ತಾಯಿತು. ಒಂದು ಕುರ್ಚಿ ತಂದು ಇಟ್ಟು ಕೂತಳು. ಕೆಳಗೆ ಏನು ನೋಡಿದೆ ಅಂತ ಹೇಳಲಿಲ್ಲ. ಕಾಫಿ ಕುಡಿದಳು.

"ತೋರ್ಕೆಲ್ ಹುಟ್ಟಿದಾಗ ನಾನು ಕತ್ತರಿಗಳನ್ನ ಹೂತಿದ್ದೆ," ಅಂದಳು. "ಹಿತ್ತಲಲ್ಲಿ. ಮನೇಲಿದ್ದ ಎಲ್ಲಾ ಕತ್ತರೀನೂ. ಎಲ್ಲಿ ಹೂತೆ ಅಂತ ಮರೆತುಹೋಯ್ತು. ಒಂದು ಇನ್ನೂ ಸಿಕ್ಕಿಲ್ಲ."

ಹೊರಡುವಾಗ ಬಾಗಿಲ ಹತ್ತಿರ ನಿಂತಳು.

"ನೋಡು, ಹೇಳ್ದೆ ಇದ್ರೆ ಆಗಲ್ಲ. ಬಾರ್ಬ್ರೋ ಹೇಳ್ತಾಳೆ, ನಿನ್ನ ಪಾಲು ಬಿಟ್ಟು ಹಾಸು ಕತ್ತರಿಸಿಬಿಡೋಣ ಅಂತ. ಇಪ್ಪತ್ತೊಂಬತ್ತಕ್ಕೆ. ಮೈಲಿಸ್‌ಗೆ ಮನೆ ಬದಲಾಯಿಸೋಕೆ ಮುಂಚೆ ಬೇಕು."

"ಕತ್ತರಿಸಲಿ."

"ಮೈಲಿಸ್ ಒಪ್ಪಲ್ಲ. ಈ ನೇಯ್ಗೆಮನೇಲಿ ಹಾಗೆ ಒಂದೇ ಸಲ ಮಾಡಿದ್ದು. ಎಡ್ಲಾ ಸತ್ತಾಗ." ಟೋಪಿ ಹಾಕಿಕೊಂಡಳು. "ಬದುಕಿರೋರ ಪಾಲು ಬಿಟ್ಟು ಕತ್ತರಿಸೋದು ಅವಳಿಗೆ ಆಗಲ್ವಂತೆ. ಅದಕ್ಕಿಂತ ಬರೀ ನೆಲದ ಮೇಲೆ ಇರ್ತೀನಿ ಅಂತಾಳೆ."

ಅವಳು ಹೋದ ಮೇಲೆ ಅಲ್ವಾರ್‌ನನ್ನು ಎತ್ತಿಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದೆ. ಎಡ್ಲಾ ಯಾರು ಅಂತ ನನಗೆ ಗೊತ್ತೂ ಇಲ್ಲ.


ಮಾರ್ಚ್ 19, ಬುಧವಾರ

ಹೋದೆ.

ಎದೆಗೆ ಕಟ್ಟಿಕೊಂಡೇ ನೇಯಬಹುದು ಅಂದುಕೊಂಡಿದ್ದೆ. ಆಗುವುದಿಲ್ಲ. ಚಿಂದಿಯನ್ನು ಬಡಿದು ಕೂರಿಸುವ ಚೌಕಟ್ಟು ಎಳೆದಾಗ ಅದು ಬರುವುದು ನೇರ ಅವನ ತಲೆಯ ಕಡೆಗೆ. ಐದು ವರ್ಷ ಓದಿದವಳಿಗೆ ಇಷ್ಟು ಮುಂಚೆ ಹೊಳೆಯಬೇಕಿತ್ತು.

ಬುಟ್ಟಿಯಲ್ಲಿ ಮಲಗಿಸಿ ಮಗ್ಗದ ಪಕ್ಕ ಇಟ್ಟೆ. ಚಿಂದಿಯ ಧೂಳು ಬೆಳಕಿನಲ್ಲಿ ತೇಲುತ್ತಿತ್ತು. ಅದೆಲ್ಲ ಅವನ ಮೂಗಿನೊಳಗೆ ಹೋಗುವುದು ಕಾಣುತ್ತಿತ್ತು. ಬುಟ್ಟಿಯನ್ನು ಬಾಗಿಲ ಹತ್ತಿರ ಇಟ್ಟೆ. ಅಲ್ಲಿ ಗಾಳಿ. ಮೇಜಿನ ಮೇಲೆ ಇಟ್ಟೆ. ತೆಗೆದೆ.

ಒಂದು ಬೆರಳಗಲ ನೇಯ್ದೆ. ಮನೆಗೆ ಬಂದೆ.


ಮಾರ್ಚ್ 20, ಗುರುವಾರ

ಇವತ್ತು ಅತ್ತೆ ಗಾಡಿ ತಂದಿದ್ದಳು. ತೋರ್ಕೆಲ್ ಮಲಗುತ್ತಿದ್ದ ಹಳೆಯ ಗಾಡಿ, ಎತ್ತರದ ಚಕ್ರದ್ದು, ಒಳಗೆ ಕುರಿಯ ತುಪ್ಪಳ ಹಾಸಿದ್ದಳು. ಅದನ್ನು ನನ್ನ ಮಗ್ಗದ ಕಿಟಕಿಯ ಹೊರಗೆ ನಿಲ್ಲಿಸಿದಳು. ಬೆಂಚಿನ ಮೇಲೆ ಕೂತರೆ ಗಾಡಿಯ ಮುಚ್ಚಳ ಕಾಣುತ್ತದೆ.

"ನಾನು ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀನಿ. ಎಲ್ಲಿಗೂ ಹೋಗಲ್ಲ. ಉಚ್ಚೆ ಬಂದ್ರೂ ಹೋಗಲ್ಲ."

"ನಂಗೆ ಅವನ ಮುಖ ಕಾಣಲ್ಲ."

"ನಂಗೆ ಕಾಣ್ತದೆ. ಕೆಂಪಗಿದೆ. ಮೂಗಲ್ಲಿ ಗುಳ್ಳೆ ಬರ್ತಿದೆ."

ಅವನನ್ನು ಬಿಚ್ಚಿ ಗಾಡಿಯಲ್ಲಿ ಮಲಗಿಸಿದ್ದು ಅತ್ತೆಯೇ. ನಾನು ಪಟ್ಟಿಯ ಗಂಟು ಬಿಚ್ಚುವಾಗ ಬೆರಳು ಬರಲಿಲ್ಲ. ಅವನು ಹೋದ ಮೇಲೆ ಎದೆಯ ಮೇಲೆ ತಣ್ಣಗೆ ಒಂದು ಜಾಗ ಉಳಿಯಿತು, ಅವನ ಆಕಾರದ್ದು.

ನಾಲ್ಕು ಸಾಲು ಬಡಿಯುವುದು, ಎದ್ದು ಹೊರಗೆ ಹೋಗುವುದು, ಬರುವುದು. ಅತ್ತೆ ಪ್ರತಿ ಸಲವೂ "ಇನ್ನೂ ಇದಾನೆ," ಅಂದಳು. ಕೊನೆಕೊನೆಗೆ ಹೇಳುವುದನ್ನು ಬಿಟ್ಟು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು.

ನನ್ನ ಅಂಚು ಒಳಗೆ ಎಳೆದುಕೊಳ್ಳುತ್ತಿದೆ. ಚಿಂದಿಯನ್ನು ಬಿಗಿಯಾಗಿ ಎಳೆದರೆ ಹಾಗಾಗುತ್ತದೆ, ಮೊದಲನೆಯ ವರ್ಷದ ಹುಡುಗಿಯರು ಮಾಡುವ ತಪ್ಪು. ನೋಡಿದೆ. ಬಿಚ್ಚಲಿಲ್ಲ. ಬಿಚ್ಚಿದರೆ ಇನ್ನೂ ಹೆಚ್ಚು ಹೊತ್ತು ಇಲ್ಲಿರಬೇಕು.


ಮಾರ್ಚ್ 22, ಶನಿವಾರ

ನೇಯ್ದೆ. ಮಳೆ ಹನಿ. ಗಾಡಿಯ ಮೇಲೆ ಹೊದಿಕೆ ಹಾಕಿದ್ದರು. ಅತ್ತೆ ಕೊಡೆ ಹಿಡಿದು ಕೂತಿದ್ದಳು, ಇನೆಶ್ ಅವಳ ಫೋಟೋ ತೆಗೆದಳು.

ತೋರ್ಕೆಲ್ ಫೋನ್ ಮಾಡಿದ. "ಅಮ್ಮ ಹೇಳಿದ್ಲು," ಅಂದ. ಹಿಂದಿನಿಂದ ಲಾರಿಯ ಸದ್ದು ಕೇಳಿಸುತ್ತಿತ್ತು.


ಮಾರ್ಚ್ 25, ಮಂಗಳವಾರ

ದೋಸೆಕಲ್ಲಿನ ಹಾಗೆ ಕಾದ ಅಚ್ಚಿನಲ್ಲಿ ವಾಫಲ್ ಹುಯ್ಯುವ ದಿನ. ಊರೆಲ್ಲ ಇವತ್ತು ವಾಫಲ್ ತಿನ್ನುತ್ತದೆ, ನೇಯ್ಗೆಮನೆಯೂ. ಬಾರ್ಬ್ರೋ ಎರಡು ಅಚ್ಚು ತಂದಿದ್ದಳು, ಮೈಲಿಸ್ ಹಳದಿ ಬೆರಿಯ ಜಾಮ್. ಹಬೆಗೆ ಕಿಟಕಿಗಳೆಲ್ಲ ಮಂಜಾದವು.

ಇನೆಶ್ ತನ್ನ ಬರಹದ ಮೊದಲ ಭಾಗ ಓದಿದಳು. ನಾನು ಅನುವಾದಿಸಿದೆ. ಲಾಳಿ ಓಡಿಸುತ್ತಲೇ ಹೇಳಿದೆ, ಸಾಲು ಮುಗಿಯುವುದಿತ್ತು.

"ರೂನಾಳ ಮನೆಯಲ್ಲಿ ಮೌನವೇ ಪೀಠೋಪಕರಣ. ಸ್ವೀಡನ್ನಿನವರು ಬಿಟ್ಟುಕೊಡುವುದನ್ನು ಒಂದು ಕಲೆಯಾಗಿ ಮಾಡಿದ್ದಾರೆ..."

"ಪೀಠೋಪಕರಣ ಎಲ್ಲಾ ನೆಲಮಾಳಿಗೇಲಿ ಇದೆ ಅಂತ ಹೇಳು ಅವಳಿಗೆ," ಅಂದಳು ಬಾರ್ಬ್ರೋ.

ನಾನು ತಲೆಯೆತ್ತಿದೆ. ಅತ್ತೆ ವಾಫಲ್ ಹಿಟ್ಟನ್ನೇ ನೋಡುತ್ತಿದ್ದಳು. ಮೈಲಿಸ್ ಕಿವಿ ಕೆಂಪಾಗಿತ್ತು. ಎಲ್ಲರಿಗೂ ಗೊತ್ತಿತ್ತು. ಎಷ್ಟು ದಿನದಿಂದಲೋ.

"ಏನಂದ್ಲು?" ಇನೆಶ್ ಕೇಳಿದಳು.

ಹೇಳಿದೆ. ಮಗುವಿನ ಮೇಲೆ ಬೀಳುತ್ತದೆ ಅಂತ ಎಲ್ಲ ಬಿಚ್ಚಿ ಕೆಳಗೆ ಇಟ್ಟಿದ್ದೇನೆ, ಅದು ವಿನ್ಯಾಸ ಅಲ್ಲ ಅಂದೆ. ಹೇಳುವುದಕ್ಕೆ ಕಷ್ಟ ಆಗಲಿಲ್ಲ, ಬೇರೆಯವರ ಮಾತನ್ನು ಅನುವಾದಿಸಿದ ಹಾಗೇ ಇತ್ತು. ಇನೆಶ್ ಬಾಯಿ ತೆರೆದು ನನ್ನನ್ನು ನೋಡಿದಳು, ಕಾಗದ ನೋಡಿದಳು.

"ಸ್ಟಾಕ್‌ಹೋಮಿನ ಆ ಖಾಲಿ ಖಾಲಿ ಕುರ್ಚಿ ಅಂಗಡಿಯವರಿಗೂ ಸಣ್ಣ ಮಗು ಇತ್ತಾ ಹಾಗಾದ್ರೆ?" ಅಂದಳು.

ಬಾರ್ಬ್ರೋಗೆ ಇದನ್ನು ಅನುವಾದಿಸಿದಾಗ ಅವಳು ಅಚ್ಚಿನ ಮುಚ್ಚಳ ಕೈಬಿಟ್ಟಳು. ಎಲ್ಲರೂ ನಕ್ಕರು. ನಾನೂ ನಕ್ಕೆನಂತೆ, ಆಮೇಲೆ ಇನೆಶ್ ಹೇಳಿದಳು. ಅವಳು ಬರೆದದ್ದನ್ನು ಹರಿಯಲಿಲ್ಲ. ಅಂಚಿನಲ್ಲಿ ಏನೋ ಸೇರಿಸಿದಳು.

ಆಮೇಲೆ ಒಂದಷ್ಟು ನೇಯ್ದೆ. ನೀಲಿ ಮುಗಿದು ಬೂದು ಶುರುವಾಯಿತು, ತೋರ್ಕೆಲ್‌ನ ಹಳೆಯ ಕೆಲಸದ ಪ್ಯಾಂಟು, ಆಮೇಲೆ ನನ್ನ ಬಸುರಿ ಅಂಗಿ. ಮೂರು ವಾಫಲ್ ತಿಂದೆ. ನಡುವೆ ಯಾರೋ ಅಲ್ವಾರ್‌ನನ್ನು ಒಳಗೆ ತಂದು ಬಟ್ಟೆ ಬದಲಾಯಿಸಿ ಮತ್ತೆ ಮಲಗಿಸಿದ್ದರು. ಹೊರಡುವಾಗ ನೋಡಿದರೆ ಅವನು ಬೇರೆ ಪಾಯಿಜಾಮದಲ್ಲಿದ್ದ.

ಜಾಮ್ ಸ್ವಲ್ಪ ಹುಳಿ ಇತ್ತು.


ಮಾರ್ಚ್ 28, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ಬರೆಯಲು ಕೂತರೆ ನಿದ್ದೆ ಬರುತ್ತಿತ್ತು. ನನ್ನದು ಮುಗಿಯಿತು. ನಾಳೆ ಕತ್ತರಿಸುತ್ತಾರೆ.


ಮಾರ್ಚ್ 29, ಶನಿವಾರ

ಏಳೂ ಜನ ಬಂದಿದ್ದರು. ಕಾಫಿ, ಕೇಕು, ಏಳು ಬಗೆಯ ಬಿಸ್ಕತ್ತು. ಮೈಲಿಸ್ ಕೂದಲು ಸುರುಳಿ ಮಾಡಿಸಿಕೊಂಡಿದ್ದಳು. ಇನೆಶ್ ಒಂದು ಕುರ್ಚಿ ಹತ್ತಿ ಕ್ಯಾಮೆರಾ ಹಿಡಿದು ನಿಂತಿದ್ದಳು, ನಾಳೆ ಅವಳ ರೈಲು.

"ಕೊನೆಯವಳು ಕತ್ತರಿಸ್ಬೇಕು," ಅಂತ ಬಾರ್ಬ್ರೋ ಕತ್ತರಿ ನನ್ನ ಕೈಗೆ ಕೊಟ್ಟಳು. ಅಲ್ವಾರ್ ಆಗ ಅತ್ತೆಯ ಕೈಯಲ್ಲಿದ್ದ, ಅನ್ನಿಸುತ್ತದೆ.

ಹಾಸಿನ ನೂಲು ಕತ್ತರಿಸುವಾಗ ಸಣ್ಣ ಸದ್ದಾಗುತ್ತದೆ, ಗರಿಗರಿ ರೊಟ್ಟಿ ಮುರಿದ ಹಾಗೆ. ಹಿಂದಿನಿಂದ ಎಲ್ಲರೂ ಉಸಿರು ಬಿಟ್ಟರು. ಆಮೇಲೆ ಇಬ್ಬರು ತುದಿ ಹಿಡಿದು ಎಳೆದರು, ದಿಂಡು ತಿರುಗುತ್ತ ಹೋಯಿತು, ಜಮಖಾನ ನೆಲದ ಮೇಲೆ ಬಿಚ್ಚಿಕೊಳ್ಳುತ್ತ ಬಾಗಿಲ ಕಡೆಗೆ ಹೋಯಿತು. ಕೊನೆಗೆ ನೇಯ್ದದ್ದು ಮೊದಲು ಬರುತ್ತದೆ. ಆದ್ದರಿಂದ ಮೊದಲು ಬಂದದ್ದು ನನ್ನದು, ಅದೂ ಹಿಂದುಮುಂದಾಗಿ.

ಎಲ್ಲರೂ ಮಂಡಿಯೂರಿ ಅಂಚು ನೋಡಿದರು. ಇಲ್ಲಿ ಹಾಗೇ, ಮೊದಲು ಬಣ್ಣ ನೋಡುವುದಿಲ್ಲ, ಅಂಚು ನೋಡುತ್ತಾರೆ. ನನಗೆ ಗೊತ್ತಿತ್ತು, ಶುರುವಿನ ಕಡೆ ಹಾವು ಹರಿದ ಹಾಗಿದೆ ಅಂತ.

ಬಾರ್ಬ್ರೋ ಮಾತ್ರ ಆ ಕಡೆಯಿಂದ ಬೆರಳು ಎಳೆಯುತ್ತ ಬಂದಳು. "ಇಲ್ಲಿ ಅವನು ಅತ್ತ. ಇಲ್ಲಿ ಅತ್ತ. ಇಲ್ಲಿ... ಇಲ್ಲಿ ಅವನೇನೂ ಅಳ್ಲಿಲ್ಲ, ನೀನು ಸುಮ್ನೆ ಎದ್ದು ಹೋದೆ."

"ಬಾರ್ಬ್ರೋ," ಅಂದಳು ಮೈಲಿಸ್.

"ಏನು ಬಾರ್ಬ್ರೋ? ಬಟ್ಟೆ ಮೇಲೆ ಇದೆ. ಇಲ್ಲಿ ಮತ್ತೆ ಹೋದೆ. ಇಲ್ಲಿ ಗುನ್‌ವೋರ್ ಬೈದಿರ್ಬೇಕು."

"ನಾನು ಬೈಲಿಲ್ಲ. ಹೆಬ್ಬೆರಳು ತೋರಿಸಿದೆ," ಅಂದಳು ಅತ್ತೆ.

ಬಾರ್ಬ್ರೋ ಬೆರಳು ಬೂದು ಬಣ್ಣದವರೆಗೆ ಬಂತು. ಅಲ್ಲಿಂದ ಮುಂದೆ ಅಂಚು ನೇರ ಇತ್ತು. ಅವಳು ಹಿಂದಕ್ಕೆ ಹೋಗಿ ಇನ್ನೊಂದು ಸಲ ಬೆರಳು ಎಳೆದಳು. ಕೊನೆಯವರೆಗೂ ನೇರ. ಅವಳದ್ದಕ್ಕಿಂತ ನೇರ ಅಂತ ಇನ್ಯಾರೋ ಹೇಳಿದರು, ಅದಕ್ಕೆ ಅವಳು ಮೂಗು ಮುರಿದಳು.

"ಇಲ್ಲಿ ಏನಾಯ್ತು?" ಅಂತ ನನ್ನನ್ನು ಕೇಳಿದಳು.

"ಗೊತ್ತಿಲ್ಲ. ವಾಫಲ್ ದಿನ ಅನ್ಸುತ್ತೆ."

ಅವಳು ನನ್ನ ಮಂಡಿಯ ಮೇಲೆ ಕೈ ಊರಿಕೊಂಡು ಎದ್ದಳು, ನಾನು ಏನೋ ಮರದ ಸ್ಟೂಲು ಅನ್ನುವ ಹಾಗೆ.

ನನ್ನದರ ಹಿಂದೆ ಮೈಲಿಸ್‌ದು ಬಂತು. ಚೌಕುಳಿ ಅಂಗಿಗಳು, ಕೆಂಪು, ಹಸಿರು, ಕಂದು. ಅವಳು ಅದರ ಮೇಲೆ ಕಾಲಿಡಲಿಲ್ಲ. ಪಕ್ಕದಲ್ಲಿ ಮಲಗಿ ಅಂಗೈ ಚಾಚಿ ಇಟ್ಟಳು, ಕೂದಲ ಸುರುಳಿ ಕೆಟ್ಟರೂ ಲೆಕ್ಕಿಸದೆ. ಇನೆಶ್ ಕ್ಯಾಮೆರಾ ಕೆಳಗಿಳಿಸಿದಳು.

ಒಂದೊಂದನ್ನೂ ಕತ್ತರಿಸಿ ಬೇರೆ ಮಾಡಿದರು. ಕಾಫಿ ಕುಡಿದೆವು. ಮೈಲಿಸ್ ತನ್ನದನ್ನು ಸುತ್ತಲು ಬಿಡಲಿಲ್ಲ, ಹೋಗುವ ತನಕ ಬಿಚ್ಚಿಯೇ ಇರಲಿ, ಎಲ್ಲರೂ ತುಳಿಯಿರಿ, ಹೊಸದು ಗಟ್ಟಿ ಇರುತ್ತದೆ ಅಂದಳು. ಮೊದಲು ತುಳಿದವಳು ಬಾರ್ಬ್ರೋ. ನಾನು ನನ್ನದನ್ನು ಸುತ್ತಿ ಎದೆಗೆ ಅವುಚಿಕೊಂಡೆ. ಭಾರ ಇತ್ತು. ಹೇಳಿ ಹೊರಟೆ. ಹೊರಗೆ ಹಿಮ ಕರಗಿ ದಾರಿಯಲ್ಲಿ ನೀರು ಹರಿಯುತ್ತಿತ್ತು. ಕೆರೆಯ ಮೇಲಿನ ಮಂಜುಗಡ್ಡೆ ಕಪ್ಪಾಗಿದೆ. ನಡೆಯುವುದು ಹಿತವಾಗಿತ್ತು. ಹಸಿವಾಗಿತ್ತು, ಅಷ್ಟೊಂದು ಕೇಕು ತಿಂದ ಮೇಲೂ. ಆಲೂಗಡ್ಡೆ ಬೇಯಿಸಿ ಉಪ್ಪಿನ ಮೀನಿನ ಜೊತೆ ತಿನ್ನೋಣ ಅಂದುಕೊಂಡೆ.

ಮನೆಯ ಮೆಟ್ಟಿಲ ಮೇಲೆ ಕೀಲಿ ತೆಗೆಯಲು ಕೈ ಬೇಕಾಯಿತು. ಎದೆಯ ಮೇಲಿದ್ದದ್ದನ್ನು ಇಳಿಸಿದೆ. ಅದು ಜಮಖಾನ.

ಮಗುವನ್ನು ಬಿಟ್ಟು ಬಂದಿದ್ದೆ.

ನಿಂತುಕೊಂಡು ಕಾದೆ, ಏನೋ ಬರುತ್ತದೆ ಅಂತ. ಎದೆ ಹೊಡೆದುಕೊಳ್ಳುವುದು, ಕಾಲು ನಡುಗುವುದು, ಇಷ್ಟು ತಿಂಗಳು ಏನಿಲ್ಲದಿದ್ದರೂ ಬರುತ್ತಿದ್ದದ್ದು. ಬರಲಿಲ್ಲ. ಅತ್ತೆಯ ಕೈಯಲ್ಲಿದ್ದಾನೆ ಅನ್ನಿಸಿತು, ಇಲ್ಲದಿದ್ದರೆ ಮೈಲಿಸ್, ಇಲ್ಲದಿದ್ದರೆ ಬಾರ್ಬ್ರೋ. ಜಮಖಾನವನ್ನು ಮೆಟ್ಟಿಲ ಮೇಲೆ ಬಿಟ್ಟು ವಾಪಸು ಹೊರಟೆ. ಓಡಲಿಲ್ಲ. ದಾರಿ ಜಾರುತ್ತಿತ್ತು.

ಶಾಲೆಯ ತಿರುವಿನಲ್ಲಿ ಅಳು ಕೇಳಿಸಿತು. ಹಸಿವಿನದು. ಅಂಗಿಯೊಳಗೆ ಹಾಲು ಇಳಿಯಿತು, ಜಾಕೆಟ್ಟಿನ ಗುಂಡಿಗಳನ್ನು ನಡೆಯುತ್ತಲೇ ಬಿಚ್ಚಿದೆ.

ಬಾಗಿಲಲ್ಲಿ ಬಾರ್ಬ್ರೋ ಅವನನ್ನು ಎರಡೂ ಕೈ ಚಾಚಿ ದೂರ ಹಿಡಿದುಕೊಂಡು ನಿಂತಿದ್ದಳು. "ಬಂದ್ಯಾ! ತಗೋ ನಿನ್ನ ಸೊತ್ತು. ನನ್ನ ಹತ್ರ ಇಲ್ಲ ಅಂತ ಎಷ್ಟು ಹೇಳಿದ್ರೂ ಕೇಳಲ್ಲ, ಅಂಗೀನೇ ಚೀಪ್ತಾನೆ."

"ಬಿಟ್ಟು ಹೋಗಿದ್ದೆ," ಅಂದೆ.

"ಗೊತ್ತಾಯ್ತು. ಗುನ್‌ವೋರ್ ನಿನ್ನ ಹಿಂದೆ ಓಡೋಕೆ ಹೊರಟಿದ್ಲು. ನಾನೇ ಕೂರಿಸಿದೆ."

ಕುರ್ಚಿಗಳನ್ನೆಲ್ಲ ಆಗಲೇ ಒಂದರ ಮೇಲೊಂದು ಜೋಡಿಸಿ ಇಟ್ಟಿದ್ದರು. ನೆಲದ ಮೇಲೆ, ಮೈಲಿಸ್‌ಳ ಗಂಡನ ಅಂಗಿಗಳ ಮೇಲೆ ಕೂತು ಹಾಲು ಕೊಟ್ಟೆ. ಆ ಕಡೆ ಕಪ್ಪು ತೊಳೆಯುವ ಸದ್ದು, ಇನೆಶ್ ಯಾವುದೋ ಸ್ವೀಡಿಷ್ ಪದವನ್ನು ತಪ್ಪುತಪ್ಪಾಗಿ ಹೇಳುವುದು, ಅತ್ತೆ ತಿದ್ದುವುದು ಕೇಳಿಸುತ್ತಿತ್ತು.

ಅವನು ಕುಡಿಯುತ್ತ ನನ್ನನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಅವನ ಕಣ್ಣು ಬೂದು ಬಣ್ಣದ್ದು. ನೀಲಿ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.